ಹತ್ತಿಂಚು ಗೋಡೆಯ ಬಾಗಿಲು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಔಷಧಿ ಅಂಗಡಿಯವನ ಮನೆಯ ಒಳಕೋಣೆಯ ತೇಗದ ಬಾಗಿಲನ್ನು ಶನಿವಾರ ಅವನು ಅಂಗಡಿಯಲ್ಲಿದ್ದಾಗ ಯಾರೋ ಚೌಕಟ್ಟಿನ ಸಮೇತ ಕಿತ್ತೊಯ್ದಿದ್ದರು. ಪಕ್ಕದ ಬೀರುವಿನಲ್ಲಿದ್ದ ಬೆಳ್ಳಿ ಹಾಗೇ ಇತ್ತು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದರು.

ಅಂಗಡಿಯವನು ಆಗಲೇ ಹೊಸ ಚೌಕಟ್ಟು ತಂದು ಕೈಸುಟ್ಟುಕೊಂಡಿದ್ದ. ಐದಿಂಚು ಅಗಲದ ಆ ರೆಡಿಮೇಡ್ ಚೌಕಟ್ಟು ಹಳೆಯ ಗೋಡೆಯ ಅರ್ಧ ದಪ್ಪಕ್ಕೇ ಮುಗಿದು, ಉಳಿದರ್ಧದಲ್ಲಿ ಇಟ್ಟಿಗೆಗಳು ಹಲ್ಲು ಕಿರಿಯುತ್ತಿದ್ದವು. ಮಹಿಳಾ ಕಾನ್‌ಸ್ಟೇಬಲ್ ಟೇಪು ಹಿಡಿದಳು. ಎರಡೂ ಬದಿಯ ಗಾರೆ ಸೇರಿ ಗೋಡೆ ಹತ್ತಿಂಚು. ಕಳುವಾದ ಚೌಕಟ್ಟಿನ ಅಗಲವೂ ಅಷ್ಟೇ ಎಂದು ಪಂಚನಾಮೆಯಲ್ಲಿ ಬರೆದುಕೊಂಡರು.

“ಆಗ ಮನೇಲಿ ಯಾರಿದ್ರು?”

“ಅಮ್ಮ. ಅದು ಅವಳದೇ ರೂಮು. ಈಗ ತಂಗಿ ಮನೇಲಿದ್ದಾಳೆ.”

“ಅವರನ್ನ ಕೇಳಿದ್ರಾ?”

“ಅವಳನ್ನೇನು ಕೇಳೋದು ಸಾರ್! ಮೊದ್ಲು ಬಾಗಿಲು ಹುಡುಕಿ.”

ತಾಯಿಗಿಂತ ಬಾಗಿಲಿನ ಚಿಂತೆಯೇ ಹೆಚ್ಚಾದ ಮಗನನ್ನು ಕಂಡು ಇನ್‌ಸ್ಪೆಕ್ಟರ್‌ಗೆ ಮೈ ಉರಿಯಿತು. ತಾಯಿಯ ಹೇಳಿಕೆ ಪಡೆಯಲು ಮಧ್ಯಾಹ್ನ ತಂಗಿಯ ಮನೆಗೆ ಹೋದರು.

ತಂಗಿ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಹಿಂದಿನ ಕೋಣೆಯ ಬಾಗಿಲು ನೋಡಿ ಕಾನ್‌ಸ್ಟೇಬಲ್‌ಗೆ ನಗು ತಡೆಯಲಾಗಲಿಲ್ಲ. ಐದಿಂಚಿನ ತೆಳು ಗೋಡೆಗೆ ಹತ್ತಿಂಚಿನ ಚೌಕಟ್ಟು! ಗೋಡೆ ಅಪ್ಪನ ಕೋಟು ತೊಟ್ಟ ಮಗುವಿನಂತಿತ್ತು.

“ಕಿತ್ತಿದ್ದು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ನಾನೇ. ಗಾರೆಯವನನ್ನ ಕರ್ಕೊಂಡು ಹೋಗಿ ಕೀಳಿಸ್ದೆ. ಬರ್ಕೊಳ್ಳಿ.”

“ಯಾಕಮ್ಮಾ?”

“ಅಣ್ಣ ಅಂಗಡಿಗೆ ಹೋಗುವಾಗ ಅಮ್ಮನ್ನ ಒಳಗೆ ಬಿಟ್ಟು ಹೊರಗಿಂದ ಚಿಲಕ ಹಾಕ್ತಿದ್ದ. ಬೀದೀಲಿ ಕೂತು ಎಲ್ಲರ ಹತ್ರ ಮಾತಾಡ್ತಾಳೆ, ಮಾನ ಹೋಗುತ್ತೆ ಅಂತ. ಎಷ್ಟು ಬೇಡ್ಕೊಂಡ್ರೂ ಕೇಳ್ಲಿಲ್ಲ. ಕರ್ಕೊಂಡು ಬರೋಕೆ ಹೋದ್ರೆ ಅಮ್ಮಂದು ಒಂದೇ ಹಟ. ಆ ಬಾಗಿಲೇ ಬೇಕು, ಚಿಲಕ ಮಾತ್ರ ನನ್ನ ಕಡೆ ಇರ್ಲಿ ಅಂತ.”

“ಬಾಗಿಲನ್ನ ಜಪ್ತಿ ಮಾಡ್ಬೇಕಾಗುತ್ತೆ.”

ಒಳಗೆ ಚಿಲಕ ಬಿದ್ದ ಸದ್ದಾಯಿತು.

“ಮುಟ್ಟಿ, ನೋಡೋಣ!” ಎಂದಿತು ಮುದುಕಿಯ ದನಿ. “ನಾನು ತೆಗೆಯಲ್ಲ. ಇವತ್ತೂ ಇಲ್ಲ, ನಾಳೇನೂ ಇಲ್ಲ.”

ಕಳ್ಳತನದ ಕೇಸಿನಲ್ಲಿ ತಂಗಿಯ ಬಂಧನವಾಯಿತು. ಅವಳು ತಲೆಯೆತ್ತಿಕೊಂಡೇ ಜೀಪು ಹತ್ತಿದಳು, ಸಂಜೆಯೊಳಗೆ ಜಾಮೀನಿನ ಮೇಲೆ ಮನೆಗೂ ಬಂದಳು. ಮುದುಕಿ ಕಿಟಕಿಯಿಂದಲೇ ಕೊಟ್ಟ ಹೇಳಿಕೆಯ ಮೇಲೆ, ತಾಯಿಯನ್ನು ಕೂಡಿಹಾಕಿದ ಆರೋಪದಲ್ಲಿ ಮಗನ ವಿರುದ್ಧ ಇನ್ನೊಂದು ಎಫ್‌ಐಆರ್ ಆಯಿತು. ಅವನನ್ನು ಅಂಗಡಿಯಿಂದಲೇ ಕರೆತಂದರು.

ಜಪ್ತಿ ಪಂಚನಾಮೆಯಲ್ಲಿ ಇನ್‌ಸ್ಪೆಕ್ಟರ್ ಬರೆದದ್ದು ಇಷ್ಟೇ: ‘ಕೋಣೆಯ ಒಡತಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾರೆ. ಅದನ್ನು ತೆಗೆಯುವುದು ಬಿಡುವುದು ಅವರ ಇಷ್ಟ.’