ಎರಡನೆಯ ಚಾವಿ

"ಎರಡನೇ ಚಾವಿ ಎಲ್ಲದರೀ, ಅಕ್ಕಾವ್ರ?"

ಗ್ಯಾರೇಜಿನ ಸಾಯಬಣ್ಣ ಕೇಳಿದ ಕೂಡಲೇ ಲಾವಣ್ಯಾ ಕೈಯಲ್ಲಿದ್ದ ಒಂದೇ ಚಾವಿಯನ್ನು ನೋಡಿಕೊಂಡಳು.

ಕೈಕೊಟ್ಟ ಅವಳ ಕಾರನ್ನು ಬೆಳಿಗ್ಗೆ ಚೆಂಬೂರಿನ ಈ ಗ್ಯಾರೇಜಿಗೆ ಎಳೆದು ತಂದಿದ್ದರು. ಚಾವಿಯ ಗುರುತು ಹಿಡಿದು ಎಂಜಿನ್ ಚಾಲೂ ಆಗಲು ಬಿಡುವ ಇಮೊಬಿಲೈಸರ್ ಪೆಟ್ಟಿಗೆ ಕೆಟ್ಟಿತ್ತು. ಸಾಯಬಣ್ಣ ಹೊಸದನ್ನು ಕೂರಿಸಿದ್ದ.

"ಹೊಸ ಪೆಟ್ಟಿಗಿಗೆ ಎಲ್ಲಾ ಚಾವಿ ಒಮ್ಮೆಲೆ ಗುರ್ತು ಮಾಡಿಸ್ಬೇಕ್ರೀ. ಈಗ ಇಲ್ಲಿ ಇಲ್ಲದ ಚಾವಿ ಮುಂದ ನಡೆಯಂಗಿಲ್ಲ."

ಎರಡನೆಯದು ವಡಾಲದಲ್ಲಿ, ಅವಳು ಮದುವೆಯಾಗಬೇಕೆಂದಿದ್ದ ತಿಲಕ್‌ನ ಬಳಿ ಇತ್ತು. ತನ್ನ ಅಪ್ಪನ ಮೊಣಕಾಲಿನ ಆಪರೇಷನ್ ಆದಾಗ ಆಸ್ಪತ್ರೆಗೆ ಕರೆದೊಯ್ಯಲೆಂದು ಅವಳೇ ಕೊಟ್ಟಿದ್ದಳು. ಅಪ್ಪನ ಬೆನ್ನಿಗೆ ದಿಂಬಿಟ್ಟು, ಹೊಂಡ ತಪ್ಪಿಸಿ ಓಡಿಸುತ್ತಿದ್ದ ತಿಲಕ್... ಕಳೆದ ತಿಂಗಳು ಒಂದು ಮಾತೂ ಹೇಳದೆ ಕಾರ್ಕಳಕ್ಕೆ ಹುಡುಗಿ ನೋಡಲು ಹೋಗಿದ್ದ! ಗೆಳತಿ ಸಪ್ನಾ ಹೇಳಿದಾಗಿನಿಂದ ಲಾವಣ್ಯಾ ಅವನ ಫೋನ್ ಎತ್ತಿರಲಿಲ್ಲ.

"ಇದೊಂದೇ ಸಾಕು. ಮಾಡಿಬಿಡಿ," ಎಂದಳು.

ಸಾಯಬಣ್ಣ ಅವಳ ಮುಖ ನೋಡಿದ. ಚಾವಿ ಗುರುತು ಮಾಡಿಸುವ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿದ.

"ಮೊದಲ ಚಹಾ ಕುಡೀರಿ. ಆಮ್ಯಾಲ ಮಾಡೋಣು."

ಚಹಾ ಮುಗಿಯಿತು. ಅವನು ಲ್ಯಾಪ್‌ಟಾಪ್‌ನ ಬಟನ್ ಒತ್ತಲು ಹೋದ.

"ತಡೀರಿ!"

ಕೂಗಿದವಳು ತಾನೇ ಬೆಚ್ಚಿದಳು. ಫೋನ್ ಮಾಡಿದಳು.

"ತಿಲಕ್... ಕಾರಿನ ಚಾವಿ ತಗೊಂಡು ಚೆಂಬೂರು ಗ್ಯಾರೇಜಿಗೆ ಬಾ."

ಅಷ್ಟೇ ಹೇಳಿ ಫೋನ್ ಇಟ್ಟಳು.

ತಿಲಕ್ ಬಂದ. ತಲೆ ತಗ್ಗಿಸಿಕೊಂಡೇ ಚಾವಿ ಮುಂದೆ ಹಿಡಿದ.

"ತಗೋ. ಒಂದಿನ ವಾಪಸ್ ಕೇಳ್ತೀ ಅಂತ ಗೊತ್ತಿತ್ತು."

"ವಾಪಸ್ ತಗೊಳ್ಳಾಕ ಅಲ್ರೀ ಅಣ್ಣಾವ್ರ, ನಿಮ್ಮ ಚಾವಿ ಉಳಿಸಾಕ ಕರೆಸ್ಯಾರ!" ಸಾಯಬಣ್ಣ ನಕ್ಕ.

ತಿಲಕ್ ಥಟ್ಟನೆ ತಲೆ ಎತ್ತಿದ. "ಹೌದಾ ಲಾವಣ್ಯಾ?"

"ಆ ಹುಡುಗಿ...?"

"ನೋಡ್ಲಿಕ್ಕೆ ಹೋದದ್ದಲ್ಲ ಮಾರಾಯ್ತಿ! ಬೇಡ ಅಂತ ಹೇಳ್ಲಿಕ್ಕೆ. ಅಮ್ಮ ಮಾತು ಕೊಟ್ಟಾಗಿತ್ತು. ಫೋನಲ್ಲಿ ಬೇಡ ಅಂದ್ರೆ ಅವಳಿಗೆ ಅವಮಾನ ಅಲ್ವಾ? ಬಂದು ನಿನಗೆ ಹೇಳುವಾ ಅಂದ್ರೆ ನೀನು ಫೋನೇ ಎತ್ತುದಿಲ್ಲ!"

ತಿಂಗಳಿಡೀ ಎದೆಯಲ್ಲಿ ಕೂತಿದ್ದ ಭಾರ ಕಣ್ಣೀರಾಗಿ ಇಳಿಯಿತು. ಹಿಂದೆಯೇ ನಗುವೂ ಬಂತು.

ಸಾಯಬಣ್ಣ ಒಂದಾದ ಮೇಲೊಂದು ಚಾವಿ ತಿರುಗಿಸಿದ. ಡ್ಯಾಶ್‌ಬೋರ್ಡಿನಲ್ಲಿ ಮಿಣುಕುತ್ತಿದ್ದ ಕೆಂಪು ದೀಪ ಆರಿತು. ಎರಡಕ್ಕೂ ಎಂಜಿನ್ ಗುರ್ರೆಂದಿತು! ಕೈ ತೊಳೆಯುವ ನೆಪದಲ್ಲಿ ಅವನು ಆಚೆ ನಡೆದ.

ಲಾವಣ್ಯಾ ಎರಡನೆಯ ಚಾವಿಯನ್ನು ತಿಲಕ್‌ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಪೆಟ್ಟಿಗೆ ಇನ್ನೊಮ್ಮೆ ಕೆಟ್ರೆ?" ಅವನು ಕೇಳಿದ.

"ಆಗ್ಲೂ ಇಲ್ಲಿ ಇಲ್ಲದ ಚಾವಿ ನಡೆಯುದಿಲ್ಲ."

"ಹಾಗಾದ್ರೆ ನಾನು ಯಾವಾಗ್ಲೂ ನಿನ್ನ ಹತ್ರವೇ ಇರ್ಬೇಕಾ?"

"ಮತ್ತೆ?" ಅವಳು ಕಣ್ಣೊರೆಸಿಕೊಂಡಳು. "ವಡಾಲದಿಂದ ಎಷ್ಟು ಸಲ ಅಂತ ಓಡಿ ಬರ್ತೀ?"