ನೋವಿಲ್ಲದ ಕಾಲು

ನೋವನ್ನು ಅಳೆಯುವ ಯಂತ್ರ ನೋವಳಕದ ಪಟ್ಟಿಯನ್ನು ಕುರಿಗಾರ ಮಾಳಿಂಗರಾಯನ ಮಣಿಕಟ್ಟಿಗೆ ಬಿಗಿದು, ಸರ್ಕಾರದ ಅನುದಾನ ಅಧಿಕಾರಿ ಆರಾಧ್ಯರು ಗುಂಡಿ ಒತ್ತಿದರು. ಅಂಗೈಯಗಲದ ಪರದೆಯ ಮೇಲೆ ಸೊನ್ನೆ ಮೂಡಿತು. ಪಟ್ಟಿಯನ್ನು ಸಡಿಲಿಸಿ ಮತ್ತೆ ಬಿಗಿದು ನೋಡಿದರು. ಆಗಲೂ ಸೊನ್ನೆಯೇ.

"ಕಾಲು ನೋಯಲ್ವೇನ್ರೀ?" ಎಂದು ಕೇಳಿದರು. ಮಾಳಿಂಗರಾಯನ ಬಲಪಾದ ಗಂಟುಗಂಟಾಗಿ ಬಾತು, ಬದನೆಕಾಯಿ ತುಂಬಿದ ಚೀಲದಂತೆ ಕಾಣುತ್ತಿತ್ತು.

"ನೋವು ಏನೂ ಇಲ್ರಿ ಸಾಹೇಬ್ರ. ಭಾರ ಆಗೇತಿ, ಅಷ್ಟ."

ಪಕ್ಕದಲ್ಲಿ ನಿಂತಿದ್ದ ಡಾ. ನಸೀಮಾ ಜಮಾದಾರ್ ಕಣ್ಣು ಮುಚ್ಚಿಕೊಂಡರು. ವಿಜಯಪುರದ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಅವರು ವರ್ಷಗಟ್ಟಲೆ ಮಾಡಿದ ಕೆಲಸ ಆ ಸೊನ್ನೆಯಲ್ಲಿ ಮುಳುಗಿಹೋಗುವಂತಿತ್ತು.

ನೋವಳಕ ಬಂದ ಮೇಲೆ ಸರ್ಕಾರಕ್ಕೆ ಒಂದು ದೊಡ್ಡ ತಲೆನೋವು ತಪ್ಪಿತ್ತು. ಅದಕ್ಕೆ ಮೊದಲು ಯಾವ ರೋಗದ ಸಂಶೋಧನೆಗೆ ಅನುದಾನ ಕೊಡಬೇಕೆಂಬುದು ಯಾವ ಶಾಸಕರ ಗಂಟಲು ದೊಡ್ಡದು ಎಂಬುದರ ಮೇಲೆ ತೀರ್ಮಾನವಾಗುತ್ತಿತ್ತು. ಈಗ ಹಾಗಿಲ್ಲ. ಮಿದುಳಿಗೆ ನೋವು ತಿಳಿದೊಡನೆ ನಾಡಿಯ ಲಯದಲ್ಲಿ, ಬೆವರಿನ ಲವಣದಲ್ಲಿ ಒಂದು ಸೂಕ್ಷ್ಮ ಗುರುತು ಉಳಿಯುತ್ತದೆ. ನೋವಳಕ ಆ ಗುರುತನ್ನು ಓದಿ, ನೂರರೊಳಗಿನ ಅಂಕಿಯಾಗಿ ತೋರಿಸುತ್ತದೆ. ಹಲ್ಲುನೋವಿಗೆ ನಲವತ್ತು, ಮೂತ್ರಪಿಂಡದ ಕಲ್ಲಿಗೆ ತೊಂಬತ್ತು, ನಟನೆಗೆ ಸೊನ್ನೆ. ನಾಲ್ಕಾರು ತಾಲ್ಲೂಕುಗಳಲ್ಲಷ್ಟೇ ಕಾಣುವ ಅಪರೂಪದ ರೋಗಗಳಿಗೂ ನ್ಯಾಯ ಸಿಗಲೆಂದು, ಒಬ್ಬನೇ ರೋಗಿಯಲ್ಲಾದರೂ 'ರೋಗದಿಂದ ಉಂಟಾದ ನೋವು' ಮೂವತ್ತನ್ನು ದಾಟಿದರೆ ಸಾಕು ಎಂದು ನಿಯಮ ಮಾಡಿದ್ದರು. ನಿಯಮ ಮಾಡಿದವರು ಒಳ್ಳೆಯವರೇ. ಆದರೆ ಅವರಲ್ಲಿ ಯಾರೂ ಮಾಳಿಂಗರಾಯನಿಗೆ ಬಂದ ಈ ಕಾಲುಗಂಟು ರೋಗವನ್ನು ಕಂಡಿರಲಿಲ್ಲ.

"ಇದು ಒಂದು ಜಾತಿಯ ಶಿಲೀಂಧ್ರ ಸರ್, ನಮ್ಮ ರೊಟ್ಟಿ ಮ್ಯಾಲೆ ಬರೂ ಬೂಷ್ಟಿನ ದೂರದ ಸಂಬಂಧಿ," ಎಂದರು ನಸೀಮಾ. "ಬರಿಗಾಲಿಗೆ ಜಾಲಿಮುಳ್ಳು ಚುಚ್ಚಿದಾಗ ಮಣ್ಣಿನಿಂದ ಒಳಗ ಹೋಗ್ತದ. ಮೆಲ್ಲಕ ಬೆಳೀತದ. ನೋವು ಕೊಡಂಗಿಲ್ಲ, ಅದ ಇದರ ಮೋಸ. ನೋವಾಗಿದ್ರ ಮಂದಿ ಮೊದಲ ವರ್ಷನ ದವಾಖಾನಿಗೆ ಬರ್ತಿದ್ರು. ಎಲುಬು ತಿಂದ ಮ್ಯಾಲೆ ಬರ್ತಾರ. ಆವಾಗ ಕಾಲು ತಗಿಯೂದೊಂದ ದಾರಿ. ನನ್ನ ಔಷಧ ಇಲಿಗಳಿಗೆ ಹತ್ತೇದ. ಮನುಷ್ಯಾರಿಗೆ ಕೊಟ್ಟು ನೋಡ್ಲಿಕ್ಕೆ ಅನುದಾನ ಬೇಕು."

"ನನಗೆ ಅರ್ಥ ಆಗುತ್ತೆ ಮೇಡಂ. ಯಂತ್ರಕ್ಕೆ ಆಗ್ಬೇಕಲ್ಲ," ಎಂದರು ಆರಾಧ್ಯರು. ತುಮಕೂರು ಕಡೆಯ ಈ ಅಧಿಕಾರಿ ಕಲ್ಲುಮನಸ್ಸಿನವರಲ್ಲ. ಆದರೆ ಪರದೆ ತೋರಿಸಿದ್ದನ್ನು ಬಿಟ್ಟು ಬೇರೆ ಬರೆಯುವ ಧೈರ್ಯ ಅವರಿಗಿರಲಿಲ್ಲ.

ಅವರು ಎದ್ದು ಹೊರಡಬೇಕು, ಅಷ್ಟರಲ್ಲಿ ಮಾಳಿಂಗರಾಯನ ಹೆಂಡತಿ ಲಗಮವ್ವ ಬಾಗಿಲಿಗೆ ಅಡ್ಡ ನಿಂತಳು. "ಉಣ್ಣದ ಹ್ಯಾಂಗ ಹೊಂಟ್ರಿ? ಮಂದಿ ನಮಗೇನಂದಾರು?"

ಆ ಊರಿನಲ್ಲಿ ಈ ಮಾತಿಗೆ ಎದುರಾಡಿ ಗೆದ್ದವರಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಂದವು. ಆರಾಧ್ಯರ ಕೈ ಮೊಸರಿನಲ್ಲಿದ್ದುದರಿಂದ ಮಾಳಿಂಗರಾಯನ ಕೈಯ ಪಟ್ಟಿ ಹಾಗೆಯೇ ಉಳಿಯಿತು. ಪರದೆಯೂ ಕಟ್ಟೆಯ ಮೇಲೆ ಉರಿಯುತ್ತಲೇ ಇತ್ತು.

ಅದು ಕುರಿಹಿಂಡು ನದಿಯ ಕಡೆಗೆ ಹೊರಡುವ ದಿನ. ಹೋದರೆ ಬರುವುದು ಮಳೆಗಾಲಕ್ಕೇ. ಆ ಕುರಿಗಾರರಲ್ಲಿ ಒಂದು ಪದ್ಧತಿಯಿತ್ತು: ಹಿಂಡಿನ ಜೊತೆ ನಡೆಯಲಾಗದೆ ಹಿಂದೆ ಉಳಿಯುವವನು, ಹೋಗುವವನ ಕೈಗೆ ತನ್ನ ಕೋಲನ್ನು ತಾನೇ ಕೊಡಬೇಕು. ಮಾಳಿಂಗರಾಯನ ತಮ್ಮ ಅಮೋಗಿ ಬಂದು ತಲೆ ತಗ್ಗಿಸಿ ನಿಂತ. ಮಾಳಿಂಗರಾಯ ಗೋಡೆ ಹಿಡಿದು ಎದ್ದು, ಕೋಲಿನ ಹಿಡಿಯನ್ನು ಒಮ್ಮೆ ಸವರಿ, ಅವನ ಕೈಗಿಟ್ಟ. "ಕುಂಟ ಮರೀನ ಹೊಳಿ ದಾಟಿಸುವಾಗ ಹೆಗಲ ಮ್ಯಾಲೆ ಹಾಕ್ಕೊ," ಎಂದಷ್ಟೇ ಹೇಳಿದ. ಟಗರಿನ ಗಂಟೆಯ ಸದ್ದು ಓಣಿಯ ತಿರುವಿನಲ್ಲಿ ಸಣ್ಣದಾಗುತ್ತಾ ಹೋಯಿತು.

"ಸರ್," ಎಂದರು ನಸೀಮಾ.

ಪರದೆಯ ಮೇಲೆ ಎಂಬತ್ತೆರಡು ಇತ್ತು.

ಆರಾಧ್ಯರು ರೊಟ್ಟಿಯ ತುಂಡನ್ನು ತಟ್ಟೆಗೆ ಬಿಟ್ಟರು. "ಇದು ಕಾಲಿನ ನೋವಲ್ಲ ಮೇಡಂ."

"ಅಲ್ಲ ಸರ್. ಆದ್ರ ಈ ರೋಗ ಇರದಿದ್ರ ಇವರು ಆ ಹಿಂಡಿನ ಮುಂದ ಇರ್ತಿದ್ರು. ರೋಗದಿಂದ ಉಂಟಾದ ನೋವು ಹೌದೋ ಅಲ್ಲೋ, ನೀವ ಹೇಳ್ರಿ."

ಆರಾಧ್ಯರು ತಟ್ಟೆಯಲ್ಲಿ ಉಳಿದಿದ್ದುದನ್ನು ನಿಧಾನವಾಗಿ ಉಂಡು ಮುಗಿಸಿದರು. ಆಮೇಲೆ ಕೈ ತೊಳೆದು ಬಂದು, ಎಂಬತ್ತೆರಡು ಎಂದು ಬರೆದುಕೊಂಡರು. ಅನುದಾನ ಬಂತು.

ಔಷಧ ಹತ್ತಿತು. ಎರಡು ವರ್ಷಗಳಲ್ಲಿ ಮಾಳಿಂಗರಾಯನ ಪಾದ ಚಪ್ಪಲಿಗೆ ಹಿಡಿಸುವಂತಾಗಿ, ಅವನು ಕೋಲನ್ನು ತಮ್ಮನಿಂದ ಮರಳಿ ಪಡೆದ. ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಅನುದಾನ ಮುಂದುವರಿಯಬೇಕಾದರೆ ಮೊದಲ ರೋಗಿಯನ್ನೇ ಮತ್ತೊಮ್ಮೆ ಅಳೆಯಬೇಕೆಂಬ ಇನ್ನೊಂದು ನಿಯಮವಿತ್ತು. ಅವನ ನೋವು ಹೋಗಿದ್ದರೆ ರೋಗವೂ ಹೋದಂತೆ ಎಂಬುದು ರಾಜಧಾನಿಯವರ ಲೆಕ್ಕ. ಅಲ್ಲಿಗೆ ಔಷಧ ಗೆದ್ದದ್ದೇ ತಪ್ಪಾಯಿತು.

ಹಿಂಡು ಬಿಟ್ಟಿದ್ದ ಬಯಲಿಗೇ ಆರಾಧ್ಯರು ಮತ್ತು ನಸೀಮಾ ಬಂದರು. ಪಟ್ಟಿ ಬಿಗಿದರೆ ಸೊನ್ನೆ.

"ಚಿವುಟಲೇನ್ರಿ?" ಎಂದು ಲಗಮವ್ವ ಮುಂದೆ ಬಂದಳು.

"ಬೇಡಮ್ಮ, ರೋಗದ ನೋವೇ ಆಗ್ಬೇಕು," ಎಂದು ಆರಾಧ್ಯರು ನಕ್ಕರು. ನಸೀಮಾ ನಗಲಿಲ್ಲ.

"ಯಾಕ್ರಿ ಬಾಯಾರ, ನಾ ಆರಾಮ ಆದದ್ದು ನಿಮಗ ಸೇರ್ಲಿಲ್ಲೇನು?" ಎಂದ ಮಾಳಿಂಗರಾಯ.

"ಭಾಳ ಖುಷಿ ಆಗೇದ ಮಾಳಿಂಗಣ್ಣ. ಆದ್ರ ರೊಕ್ಕ ನಿಂತ್ರ ಔಷಧ ನಿಲ್ತದ. ಆಚೀ ಊರಿನ ನಿಂಗವ್ವಗ ಅರ್ಧ ಔಷಧ ಅಷ್ಟ ಆಗೇದ. ಈಗ ಬಿಟ್ರ ಆಕೀ ಕಾಲು ಉಳಿಯಂಗಿಲ್ಲ."

ಮಾಳಿಂಗರಾಯನಿಗೆ ನಿಂಗವ್ವ ನೆಂಟಳಲ್ಲ. ಸಂತೆಯಲ್ಲಿ ಕಂಡ ಪರಿಚಯ, ಅಷ್ಟೇ. ಗಂಡನಿಲ್ಲದ ಆಕೆ ಆಡು ಕಾಯ್ದುಕೊಂಡು ಬದುಕುವವಳು.

ಅವನು ತನ್ನ ಬಲಗಾಲನ್ನು ನೋಡಿಕೊಂಡ. "ಹಂಗಾದ್ರ ಆಕಿ ಕೋಲು ಯಾರ ಕೈಯಾಗ ಕೊಡಬೇಕ್ರಿ? ಆಕೀಗಿ ತಮ್ಮ ಸೈತ ಇಲ್ಲ," ಎಂದ. ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ.

ಪರದೆಯ ಮೇಲೆ ಅಂಕಿ ಏರತೊಡಗಿತು. ಮೂವತ್ತು ದಾಟಿತು, ಐವತ್ತು ದಾಟಿತು, ಅರವತ್ನಾಲ್ಕಕ್ಕೆ ನಿಂತಿತು.

ನೋವಳಕವನ್ನು ರೂಪಿಸಿದವರು ಒಬ್ಬನ ನೋವು ಆ ಒಬ್ಬನದೇ ಎಂದುಕೊಂಡಿದ್ದರು. ಆರಾಧ್ಯರು ನಿಯಮವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡರು. ನೋವು ರೋಗದಿಂದ ಉಂಟಾಗಿರಬೇಕು ಎಂದಿತ್ತು. ರೋಗ ಯಾರ ಕಾಲಿನಲ್ಲಿರಬೇಕು ಎಂದು ಎಲ್ಲಿಯೂ ಇರಲಿಲ್ಲ. ಈ ಸಲ ಅವರು ಬರೆದುಕೊಳ್ಳಲು ತಡಮಾಡಲಿಲ್ಲ.

"ನಮ್ಮ ಎಂಜಿನಿಯರುಗಳಿಗೆ ಗೊತ್ತಾದ್ರೆ ಇದನ್ನ ಯಂತ್ರದ ದೋಷ ಅಂತಾರೆ ಮೇಡಂ. ರಿಪೇರಿಗೆ ಕೇಳ್ತಾರೆ," ಎಂದರು.

"ಕೊಡ್ತೀರೇನು ಸರ್?"

"ನನ್ನ ಸರ್ವೀಸ್ ಮುಗಿಯೋ ತನಕ ಇದು ಸರಿಯಾಗೇ ಇರುತ್ತೆ."

ಅವರು ಪಟ್ಟಿ ಬಿಚ್ಚಲು ಕೈಚಾಚಿದರು. ಪರದೆಯ ಮೇಲಿನ ಅಂಕಿ ಇನ್ನೂ ಹಾಗೆಯೇ ಇತ್ತು. ಮಾಳಿಂಗರಾಯ ಅದನ್ನು ಬೆರಳಿನಿಂದ ತೋರಿಸಿ, "ಇದು ಇಳಿಯೂದು ಯಾವಾಗ್ರಿ?" ಎಂದು ಕೇಳಿದ.

"ನಿಂಗವ್ವ ಆಡಿನ ಹಿಂದ ನಡದಾಗ," ಎಂದರು ನಸೀಮಾ.

"ಹಂಗಾದ್ರ ಲಗೂನ ನಡೀರಿ," ಎಂದು ಅವನೇ ಅವರ ಔಷಧದ ಚೀಲವನ್ನು ಹೆಗಲಿಗೇರಿಸಿಕೊಂಡು, ಆಚೆ ಊರಿನ ದಾರಿ ಹಿಡಿದ.