ಗೆರೆಯಲ್ಲಿ ಉಳಿದ ಕಾಡಿಗೆ

ಬೆರಳ ಸಂದಿನ ಕಪ್ಪು ಹೋಗಿರಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದ್ದೆ, ಆದರೂ ಇತ್ತು. ಯಾರಾದರೂ ಕೇಳಿದರೆ ಏನೆನ್ನಲಿ? ಬಿ.ಎ. ಓದಿದ ಹುಡುಗಿ ಮರದ ವಿಮಾನಕ್ಕೆ ಕಾಡಿಗೆ ಹಚ್ಚುತ್ತಾಳೆ ಎಂದೇ? ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶನಿವಾರಸಂತೆಯ ಶಾಲೆಗೆ ಹೋದೆ.

ವಿಮಾನ ಇರಲಿಲ್ಲ. ಬರಿಯ ಪೀಠ. ಅದರ ಅಂಚಿನಲ್ಲಿ ಕಪ್ಪು ಬೆರಳಚ್ಚು.

ಯುದ್ಧದ ಕಾಲ. ಮೇಲೆ ಹಾರುವುದು ನಮ್ಮದೋ ಜಪಾನಿನದೋ ಗುರುತಿಸಲು ಊರಿನವರಿಗೆ ಅಲ್ಲಿ ಪಾಠ. ಹೇಳಿಕೊಡುವ ಮೇಷ್ಟ್ರು ನನ್ನ ದೊಡ್ಡಪ್ಪನ ಮಗ ಕುಶಾಲಣ್ಣ. ಮಾದರಿ ವಿಮಾನವೂ ಅವರ ಕೈಕೆಲಸವೆಂದೇ ಊರು ನಂಬಿತ್ತು. ಮಾಡಿದವಳು ನಾನು. ಮಧ್ಯಾಹ್ನ ಮಡಿಕೇರಿಯಿಂದ ಮಿಲಿಟರಿ ಆಫೀಸರು ಬರುವವರಿದ್ದರು. ವಿಮಾನದ ಮೈಮೇಲೆ ಗೆರೆ ಹಾಕುವುದನ್ನು ಮೇಷ್ಟ್ರು ಕಣ್ಣೆದುರೇ ತೋರಿಸಬೇಕೆಂದು ಹೇಳಿಕಳಿಸಿದ್ದರು.

"ಕದ್ದೋನು ಇನ್ಯಾರು? ಇವ್ನೇ," ಎಂದರು ಠಾಣೆಯಿಂದ ಬಂದಿದ್ದ ದಫೇದಾರ್ ನಾಣಯ್ಯ. ಶಾಲೆಯ ಜವಾನ ಚಿಕ್ಕನ ಎರಡು ಕೈಯೂ ಮಸಿ.

"ಲಾಟೀನು ಒರೆಸ್ತಿದ್ದೆ ಸ್ವಾಮಿ."

"ಒರೆಸು ಒರೆಸು. ಠಾಣೇಲಿ ನೆಲಾನೂ ಒರೆಸುವಂತೆ."

* * *

ನಾನು ಚೊಂಬಿನಲ್ಲಿ ನೀರು ತಂದು ಚಿಕ್ಕನ ಕೈಗೆ ಹೊಯ್ದೆ. ಮಸಿ ಹರಿದುಹೋಯಿತು. ಪೀಠದ ಕಲೆಗೂ ಒದ್ದೆ ಬಟ್ಟೆ ಒತ್ತಿದೆ. ನೀರು ಜಾರಿತು, ಕಲೆ ಹಾಗೇ ನಿಂತಿತು. ಇದು ಲಾಟೀನಿನ ಮಸಿಯಲ್ಲ, ಹರಳೆಣ್ಣೆಯ ಕಾಡಿಗೆ.

"ಮನೆಗೆ ಹೋಗವ್ವ. ಇದು ಪೊಲೀಸ್ ಕೆಲ್ಸ," ಎಂದರು ದಫೇದಾರರು.

ಗಂಟಲಿಗೆ ಬಂದದ್ದು ನಾಲಿಗೆಗೆ ಬರುವುದಿಲ್ಲ. ನನ್ನ ಪೀಡೆಯೇ ಅದು.

ನಿಜವಾದ ವಿಮಾನದಲ್ಲಿ ತಗಡು ತಗಡು ಸೇರುವ ಸಂದಿನಂತೆ ಕಾಣಲೆಂದು ಮರವನ್ನು ಸೂಜಿಯಿಂದ ಗೀರುತ್ತೇನೆ. ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ ಬಳಿದು ಒರೆಸುತ್ತೇನೆ. ಮೈ ಶುಭ್ರ, ಗೆರೆ ಮಾತ್ರ ಕಪ್ಪು. ನಿನ್ನೆ ಸಂಜೆ ಮತ್ತೊಮ್ಮೆ ಬಳಿದು, ನೆನೆಯಲೆಂದು ಅಡಿಭಾಗ ಒರೆಸದೆ ಬಿಟ್ಟಿದ್ದೆ. ಅಲ್ಲಿ ಕೈಯಿಟ್ಟು ಎತ್ತಿದವರಿಗೆ ಕಪ್ಪು ಅಂಟಲೇಬೇಕು.

ಪಕ್ಕದಲ್ಲೇ ನಿಂತಿದ್ದ ಕುಶಾಲಣ್ಣನ ಅಂಗೈ ನೋಡಿದೆ. ಶುಭ್ರ. ರೇಖೆಗಳು ಮಾತ್ರ ಕಪ್ಪು.

ಆ ಅಂಗೈಯತ್ತ ಬೆರಳು ಮಾಡಿದೆ. ದಫೇದಾರರೂ ನೋಡಿದರು.

ಅಣ್ಣ ನಕ್ಕರು. "ನಾನು ಮಾಡಿದ ವಿಮಾನ. ನಿನ್ನೆ ನಾನೇ ಕಾಡಿಗೆ ಹಚ್ಚಿದ್ದು. ಕೈಗೆ ಅಂಟದೆ ಇರ್ತದಾ?"

"ಅದೂ ಸರಿ ಅನ್ನಿ." ದಫೇದಾರರು ಚಿಕ್ಕನ ರಟ್ಟೆ ಹಿಡಿದರು. ಚಿಕ್ಕ ನನ್ನನ್ನೇ ನೋಡುತ್ತಿದ್ದ.

* * *

ಹಚ್ಚಿದವರಿಗೆ ಅಡಿ ಹಸಿ ಎಂದು ಗೊತ್ತಿರುತ್ತಿತ್ತು, ಅಲ್ಲಿ ಮುಟ್ಟುತ್ತಿರಲಿಲ್ಲ. ಗೆರೆ ಹಾಕಲು ಅಣ್ಣನಿಗೆ ಬಾರದು. ವಿಮಾನವೇ ಕಳುವಾದರೆ ಆಫೀಸರು ಏನು ತೋರಿಸೆಂದಾರು?

ಚೀಲದಿಂದ ಮಧ್ಯಾಹ್ನ ಆಫೀಸರಿಗೆ ತೋರಿಸಲೆಂದು ತಂದಿದ್ದ, ಬೆಳ್ಳಿ ಬಣ್ಣ ಬಳಿದ, ಇನ್ನೂ ಗೆರೆಯಿಲ್ಲದ ನುಣ್ಣನೆಯ ರೆಕ್ಕೆ, ಸೂಜಿ, ಕಾಡಿಗೆ ಡಬ್ಬಿ ತೆಗೆದು ಅಣ್ಣನ ಮುಂದಕ್ಕೆ ತಳ್ಳಿದೆ.

"ಒಂದು ಗೆರೆ ಹಾಕ್ಬಿಡಿ ಮೇಷ್ಟ್ರೇ," ಎಂದರು ದಫೇದಾರರು. "ಮುಗೀತು."

ಅಣ್ಣ ಸೂಜಿಯನ್ನು ಮುಟ್ಟಲೇ ಇಲ್ಲ. ಗೀರದೆಯೇ ಕಾಡಿಗೆ ಬಳಿದರು. ಒರೆಸಿದರು. ಏನೂ ಉಳಿಯಲಿಲ್ಲ. ಮತ್ತೆ ಬಳಿದರು, ಮತ್ತೆ ಒರೆಸಿದರು.

ದಫೇದಾರರ ಕೈ ಚಿಕ್ಕನ ರಟ್ಟೆಯಿಂದ ಸಡಿಲವಾಯಿತು. "ಮೇಷ್ಟ್ರೇ, ವಿಮಾನ ಎಲ್ಲಿ?"

"ಬೀರುವಿನ ಹಿಂದೆ," ಎಂದರು ಅಣ್ಣ, ತಲೆಯೆತ್ತದೆ.

"ಹಂಗಾದ್ರೆ ಮಾಡಿದ್ದು ಯಾರು?"

ಮತ್ತೆ ಸೆರಗಿನೊಳಗೆ ಸೇರಿದ್ದ ಕೈ ಹೊರಗೆ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟೆ.

"ನಾನು," ಎಂದೆ. "ಅದರ ಒಂದೊಂದು ಗೆರೆಯೂ ನನ್ನದು."